ಭಾಷೆಯ ಹಕ್ಕು, ಮನೆಮಗಳ ಹಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಬಹುಸಂಸ್ಕೃತಿ, ಪೌರತ್ವ, ಹೆಣ್ಣು-ಗಂಡಿನ ಸಮಾನತೆ ಈ ಮೂರನ್ನೂ ಒಟ್ಟಿಗೆ ಇಟ್ಟು ಯೋಚಿಸಿದ ರಾಜಕೀಯ ಚಿಂತಕಿ ಅಯೆಲೆಟ್ ಶಖಾರ್. ಅವರ ಎರಡು ಮುಖ್ಯ ಪುಸ್ತಕಗಳು 2001ರ ‘ಮಲ್ಟಿಕಲ್ಚರಲ್ ಜ್ಯೂರಿಸ್‌ಡಿಕ್ಷನ್ಸ್’ ಮತ್ತು 2009ರ ‘ದ ಬರ್ತ್‌ರೈಟ್ ಲಾಟರಿ’. ಮೊದಲನೆಯದರ ವಾದ ಇಷ್ಟು: ಒಂದು ಸಮುದಾಯ ತನ್ನ ಕುಟುಂಬ ಕಾನೂನನ್ನು ತಾನೇ ನಡೆಸಿಕೊಳ್ಳಲಿ ಎಂದು ಸರ್ಕಾರ ಬಿಟ್ಟುಕೊಟ್ಟಾಗ ಸಮುದಾಯಕ್ಕೆ ರಕ್ಷಣೆ ಸಿಗುತ್ತದೆ, ಅದರ ಬೆಲೆಯನ್ನು ಮಾತ್ರ ಬಹಳ ಸಲ ಒಳಗಿನ ಹೆಂಗಸರು ತೆರುತ್ತಾರೆ. ಹಾಗೆಂದು ‘ನಿನ್ನ ಜನ ಬೇಕೋ, ನಿನ್ನ ಹಕ್ಕು ಬೇಕೋ, ಒಂದನ್ನು ಆರಿಸಿಕೋ’ ಎಂದು ಅವರನ್ನು ನಿಲ್ಲಿಸುವುದೂ ಅನ್ಯಾಯ. ಗಡಿಭಾಗದ ಓದುಗರು ಈ ಬಗ್ಗೆ ಕೇಳಿದ ಪ್ರಶ್ನೆಗಳನ್ನೂ ಅವಕ್ಕೆ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ಕಾಸರಗೋಡಿನ ಕನ್ನಡಿಗರಾದ ನಾವು ಭಾಷಾ ಅಲ್ಪಸಂಖ್ಯಾತರ ಹಕ್ಕು ಕೇಳುತ್ತಿದ್ದೇವೆ. ಇಂಥ ಹಕ್ಕುಗಳಿಂದ ಹೆಂಗಸರಿಗೆ ಕೆಡುಕು ಎನ್ನುವ ಚಿಂತಕರೂ ಇದ್ದಾರಂತೆ. ನಮ್ಮ ಬೇಡಿಕೆಗೂ ಆ ಮಾತು ಅನ್ವಯಿಸುತ್ತದೆಯೆ? (ಶಿಕ್ಷಕಿ, ಮಂಜೇಶ್ವರ)

ಬಹುಪಾಲು ಅನ್ವಯಿಸುವುದಿಲ್ಲ. ಒಂದು ಕಡೆ ಅನ್ವಯಿಸುತ್ತದೆ, ಅದನ್ನು ಮುಚ್ಚಿಡಬಾರದು.

ನೀವು ಹೇಳುವ ಟೀಕೆ ಸೂಸನ್ ಮೋಲರ್ ಓಕಿನ್ ಅವರದು. ‘ಬಹುಸಂಸ್ಕೃತಿವಾದ ಹೆಂಗಸರಿಗೆ ಕೆಟ್ಟದ್ದೆ?’ ಎಂದು ಅವರು 1997ರಲ್ಲಿ ನೇರವಾಗಿ ಕೇಳಿದರು. ಮದುವೆ, ವಿಚ್ಛೇದನ, ಮಕ್ಕಳ ಪಾಲನೆ, ಆಸ್ತಿ ಇವನ್ನು ಸಮುದಾಯದ ಹಿರಿಯರ ಕೈಗೆ ಒಪ್ಪಿಸುವ ಹಕ್ಕುಗಳ ಮೇಲೆ ಅವರ ಕಣ್ಣಿತ್ತು. ಅದಕ್ಕೂ ಮೊದಲು, 1995ರಲ್ಲಿ, ವಿಲ್ ಕಿಮ್ಲಿಕಾ ಉಪಯುಕ್ತವಾದ ಒಂದು ಗೆರೆ ಎಳೆದಿದ್ದರು. ದೊಡ್ಡ ಸಮಾಜದ ನಿರ್ಧಾರಗಳಿಂದ ಸಣ್ಣ ಗುಂಪನ್ನು ಕಾಯುವುದು ಹೊರಗಿನಿಂದ ರಕ್ಷಣೆ. ಗುಂಪು ತನ್ನದೇ ಸದಸ್ಯರ ಬಾಯಿ ಕಟ್ಟುವುದು ಒಳಗಿನ ನಿರ್ಬಂಧ. ಮೊದಲನೆಯದು ನ್ಯಾಯ, ಎರಡನೆಯದನ್ನು ಒಪ್ಪಲಾಗದು ಎಂಬುದು ಅವರ ನಿಲುವು. ವಲಸೆ ಬಂದವರಿಗೂ, ತಮ್ಮ ನೆಲದಲ್ಲೇ ಇದ್ದು ಬೇರೆ ಆಡಳಿತಕ್ಕೆ ಸೇರಿಹೋದವರಿಗೂ ಅವರು ವ್ಯತ್ಯಾಸ ಮಾಡುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಇಲ್ಲಿನ ಕನ್ನಡಿಗರು ಗಡಿ ದಾಟಿ ಬಂದವರಲ್ಲ, ಗಡಿಯೇ ಅವರನ್ನು ದಾಟಿತು. ಕಿಮ್ಲಿಕಾ ಅವರ ಲೆಕ್ಕದಲ್ಲಿ ಇದು ಬಲವಾದ ಪಕ್ಷ. ಕನ್ನಡ ಶಾಲೆ, ಕನ್ನಡ ಅರ್ಜಿ ನಮೂನೆ, ಕನ್ನಡ ಬಲ್ಲ ಅಧಿಕಾರಿ ಬೇಕೆನ್ನುವುದು ಯಾವ ಹೆಂಗಸಿನ ಹಕ್ಕನ್ನೂ ಕಸಿಯುವುದಿಲ್ಲ.

ಎಚ್ಚರ ಬೇಕಾದ ಜಾಗ ಶಾಲೆಯ ಆಡಳಿತ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಮಿನಂತೆ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. 2012ರ ತಿದ್ದುಪಡಿ ಅಲ್ಪಸಂಖ್ಯಾತರ ಶಾಲೆಗಳಲ್ಲಿ ಈ ಸಮಿತಿಯನ್ನು ಬರೀ ಸಲಹೆಗೆ ಇಳಿಸಿತು. ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪು, ಧರ್ಮದ ಇಲ್ಲವೆ ಭಾಷೆಯ ಅಲ್ಪಸಂಖ್ಯಾತರು ಸಂವಿಧಾನದ 30(1)ನೇ ವಿಧಿಯಂತೆ ನಡೆಸುವ ಶಾಲೆಗಳಿಗೆ ಕಾಯ್ದೆಯೇ ಅನ್ವಯಿಸದು ಎಂದಿತು. ಅಂದರೆ ಸರ್ಕಾರಿ ಕನ್ನಡ ಶಾಲೆಯಲ್ಲಿ ತಾಯಂದಿರಿಗೆ ಕಾನೂನೇ ಕೊಡುವ ಅರ್ಧ ಜಾಗವನ್ನು, ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕನ್ನಡ ಶಾಲೆಯ ಆಡಳಿತ ಮಂಡಳಿ ಕೊಡಲೇಬೇಕೆಂದಿಲ್ಲ. ಭಾಷೆಗಾಗಿ ಪಡೆದ ರಕ್ಷಣೆ ಹೆಂಗಸರ ಜಾಗವನ್ನು ಕಿರಿದು ಮಾಡುವುದು ಹೀಗೆ, ಯಾರೂ ಕೆಟ್ಟ ಉದ್ದೇಶ ಇಟ್ಟುಕೊಳ್ಳದೆಯೇ. ಪರಿಹಾರ ಮಂಡಳಿಯ ಕೈಯಲ್ಲೇ ಇದೆ: ತನ್ನ ನಿಯಮಾವಳಿಯಲ್ಲಿ ಅರ್ಧದಷ್ಟು ಮಹಿಳಾ ಸದಸ್ಯತ್ವವನ್ನು ತಾನಾಗಿ ಬರೆದುಕೊಳ್ಳುವುದಕ್ಕೆ ಯಾವ ತೀರ್ಪೂ ಅಡ್ಡ ಬರುವುದಿಲ್ಲ. ಹಕ್ಕು ಕೇಳುವ ಪ್ರತಿ ಕನ್ನಡ ಸಂಸ್ಥೆ ಮೊದಲು ಮಾಡಬೇಕಾದ ಕೆಲಸ ಇದೇ ಎಂದು ನಮ್ಮ ಅಭಿಪ್ರಾಯ.

ಪ್ರಶ್ನೆ: ಶಾಬಾನು ಪ್ರಕರಣವನ್ನು ಶಖಾರ್ ಅವರ ಚೌಕಟ್ಟಿನಲ್ಲಿ ಓದುವುದು ಹೇಗೆ? ಎಲ್ಲರಿಗೂ ಒಂದೇ ನಾಗರಿಕ ಸಂಹಿತೆ ಬೇಕೆಂಬುದೇ ಅವರ ನಿಲುವೆ? (ಕಾನೂನು ವಿದ್ಯಾರ್ಥಿ, ಮಡಕಶಿರಾ)

ಅಲ್ಲ. ಎಲ್ಲ ಸಮುದಾಯ ಕಾನೂನನ್ನೂ ಅಳಿಸಿ ಒಂದೇ ಪೌರ ಕಾನೂನು ತರುವ ದಾರಿಯನ್ನು ಅವರು ಒಪ್ಪುವುದಿಲ್ಲ. ‘ಬೇಡವಾದರೆ ಸಮುದಾಯ ಬಿಟ್ಟು ಹೋಗಲಿ, ಸರ್ಕಾರ ಕೈಹಾಕಬಾರದು’ ಎಂಬ ದಾರಿಯನ್ನೂ ಒಪ್ಪುವುದಿಲ್ಲ. ಬಿಟ್ಟು ಹೋಗುವವಳು ಮನೆ, ಮಕ್ಕಳು, ನೆಂಟರು, ದೇವರು ಎಲ್ಲವನ್ನೂ ಬಿಡಬೇಕಾಗುತ್ತದೆ ಎಂಬುದು ಅವರ ಆಕ್ಷೇಪ.

ಅವರು ಹೋಗುವುದು ಮೂರನೆಯ ದಾರಿಯಲ್ಲಿ. ಕುಟುಂಬ ಕಾನೂನು ಎರಡು ಕೆಲಸ ಮಾಡುತ್ತದೆ ಎನ್ನುತ್ತಾರೆ. ಯಾರು ನಮ್ಮವರು, ಮದುವೆ ಯಾವಾಗ ಆಯಿತು, ಯಾವಾಗ ಮುರಿಯಿತು ಎಂದು ನಿರ್ಧರಿಸುವುದು ಒಂದು, ಅದು ಎಲ್ಲೆ ಗುರುತಿಸುವ ಕೆಲಸ. ಜೀವನಾಂಶ, ಆಸ್ತಿ, ಮಕ್ಕಳ ಖರ್ಚು ಹಂಚುವುದು ಇನ್ನೊಂದು. ಸಮುದಾಯಕ್ಕೆ ತನ್ನ ಗುರುತು ಉಳಿಸಿಕೊಳ್ಳಲು ಮೊದಲನೆಯದು ಬೇಕು. ಹೆಣ್ಣು ಬೀದಿಗೆ ಬೀಳದಂತೆ ನೋಡಿಕೊಳ್ಳಲು ಎರಡನೆಯದು ಬೇಕು. ಎರಡನ್ನೂ ಒಬ್ಬರ ಕೈಗೇ ಕೊಡಬಾರದು.

ಇದರ ಮೇಲೆ ಮೂರು ನಿಯಮಗಳು ನಿಲ್ಲುತ್ತವೆ. ವಿಷಯವನ್ನು ಉಪವಿಷಯಗಳಾಗಿ ಬಿಡಿಸಿ ಅಧಿಕಾರ ಹಂಚುವುದು ಒಂದು. ಸರ್ಕಾರಕ್ಕಾಗಲಿ ಸಮುದಾಯಕ್ಕಾಗಲಿ ಏಕಸ್ವಾಮ್ಯ ಇರಕೂಡದು ಎಂಬುದು ಎರಡು. ಒಂದು ಕಡೆ ಪರಿಹಾರ ಸಿಗದಿದ್ದರೆ ಆ ವಿಷಯದ ಮಟ್ಟಿಗೆ ಇನ್ನೊಂದು ಕಡೆ ಹೊರಳುವ ಬಾಗಿಲು ಮೊದಲೇ ಸ್ಪಷ್ಟವಾಗಿ ತೆರೆದಿರಬೇಕು ಎಂಬುದು ಮೂರು. ಮೂರನೆಯದೇ ಈ ಚೌಕಟ್ಟಿನ ಜೀವ. ಹೆಣ್ಣು ಸಮುದಾಯದೊಳಗೇ ಇದ್ದು, ಒಂದೇ ವಿಷಯಕ್ಕೆ ಮಾತ್ರ ಹೊರಳಬಹುದು ಎಂದಾಗ ಹಿರಿಯರಿಗೂ ನಿಯಮ ತಿದ್ದಿಕೊಳ್ಳುವ ಒತ್ತಡ ಹುಟ್ಟುತ್ತದೆ. ‘ಪರಿವರ್ತನೆ ತರುವ ಹೊಂದಾಣಿಕೆ’ ಎಂದು ಅವರು ಹೆಸರಿಟ್ಟದ್ದು ಇದಕ್ಕೇ.

ಈಗ ಪ್ರಕರಣ. ಇಂದೋರಿನ ಶಾಬಾನು 1932ರಲ್ಲಿ ಮದುವೆಯಾದವರು. 1975ರಲ್ಲಿ ಮನೆಯಿಂದ ಹೊರಬಿದ್ದರು, 1978ರಲ್ಲಿ ತಲಾಖ್ ಆಯಿತು. ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಕೊಟ್ಟ ಜೀವನಾಂಶ ತಿಂಗಳಿಗೆ 25 ರೂಪಾಯಿ, ಹೈಕೋರ್ಟ್ ಅದನ್ನು 179.20ಕ್ಕೆ ಏರಿಸಿತು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ಎತ್ತಿಹಿಡಿಯಿತು. ತಲಾಖ್ ಸಿಂಧುವೆ ಎಂಬುದು ಎಲ್ಲೆಯ ಪ್ರಶ್ನೆ, ಅದನ್ನು ಯಾರೂ ಕೆದಕಬೇಕಾಗಿರಲಿಲ್ಲ. ಜೀವನಾಂಶ ಹಂಚಿಕೆಯ ಪ್ರಶ್ನೆ, ಎಲ್ಲ ಪೌರರಿಗೂ ಇದ್ದ ಕಾನೂನಿನದು. ತೀರ್ಪು ಅಷ್ಟಕ್ಕೇ ನಿಲ್ಲದೆ ಧರ್ಮಗ್ರಂಥದ ವ್ಯಾಖ್ಯಾನಕ್ಕೂ ಸಮಾನ ಸಂಹಿತೆಗೂ ಕೈಚಾಚಿತು. ಎದುರಿನವರು ಇಡೀ ಧರ್ಮಕ್ಕೇ ಅಪಾಯ ಎಂದರು. ವಿಚ್ಛೇದಿತ ಮುಸ್ಲಿಂ ಹೆಂಗಸರ ಜೀವನಾಂಶಕ್ಕೆ ಬೇರೆಯೇ ನಿಯಮ ಮಾಡಿದ 1986ರ ಕಾಯ್ದೆ ಬಂತು. ನ್ಯಾಯಾಲಯವೂ ಎದುರಿನವರೂ ಆ ಎರಡು ಕೆಲಸಗಳನ್ನು ಬೇರೆ ಮಾಡಲಿಲ್ಲ, ಶಖಾರ್ ಚೌಕಟ್ಟಿನಲ್ಲಿ ಕಾಣುವ ತಪ್ಪು ಅದೇ. ಮುಂದೆ ನ್ಯಾಯಾಲಯಗಳೇ ಹಂಚಿಕೆಯ ಎಳೆಯನ್ನು ಬಿಡಿಸಿಕೊಂಡವು. ಇದ್ದತ್ (ತಲಾಖ್ ಆದ ಮೇಲೆ ಹೆಂಡತಿ ಕಾಯಬೇಕಾದ ಕಾಲ) ಅವಧಿಯೊಳಗೆ, ಹೆಂಡತಿಯ ಮುಂದಿನ ಬದುಕಿಗೂ ಸಾಲುವಂಥ ಏರ್ಪಾಡು ಮಾಡಬೇಕು ಎಂದು 2001ರ ಡೇನಿಯಲ್ ಲತೀಫಿ ತೀರ್ಪು ಹೇಳಿತು. 125ನೇ ಕಲಮಿನ ದಾರಿಯೂ ತೆರೆದೇ ಇದೆ ಎಂದು 2024ರ ಜುಲೈ 10ರ ತೀರ್ಪು ಹೇಳಿತು. ಆ ಕಲಮು ಈಗ ನಾಗರಿಕ ಸುರಕ್ಷಾ ಸಂಹಿತೆಯ 144.

ಹೊರಳುವ ಬಾಗಿಲಿಗೆ ಉದಾಹರಣೆ ಕಾಸರಗೋಡು ಜಿಲ್ಲೆಯಲ್ಲೇ ಇದೆ. 2023ರ ಮಾರ್ಚ್ 8ರಂದು ಹೊಸದುರ್ಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವರು ಹೆಣ್ಣುಮಕ್ಕಳಿರುವ ಮುಸ್ಲಿಂ ದಂಪತಿ ತಮ್ಮ ಮದುವೆಯನ್ನು ವಿಶೇಷ ವಿವಾಹ ಕಾಯ್ದೆ 1954ರಡಿ ಮತ್ತೆ ದಾಖಲಿಸಿದರು. ಸುನ್ನಿ ಉತ್ತರಾಧಿಕಾರದಲ್ಲಿ ಗಂಡುಮಕ್ಕಳಿಲ್ಲದೆ ಇಬ್ಬರೋ ಹೆಚ್ಚೋ ಹೆಣ್ಣುಮಕ್ಕಳಿದ್ದರೆ ಅವರೆಲ್ಲರಿಗೂ ಸೇರಿ ಮೂರರಲ್ಲಿ ಎರಡು ಪಾಲು. ಉಳಿದದ್ದರಲ್ಲಿ ತಂದೆಯ ಸಹೋದರರಂಥವರಿಗೆ ಹಕ್ಕು ಬರುತ್ತದೆ. ಉಯಿಲಿನಿಂದ ಸರಿಪಡಿಸೋಣವೆಂದರೆ ಅದಕ್ಕೂ ಮೂರನೇ ಒಂದರ ಮಿತಿಯಿದೆ, ವಾರಸುದಾರರಿಗೇ ಬರೆಯಲು ಉಳಿದ ವಾರಸುದಾರರ ಒಪ್ಪಿಗೆ ಬೇಕು. ವಿಶೇಷ ವಿವಾಹ ಕಾಯ್ದೆಯಡಿ ದಾಖಲಾದ ಮದುವೆಗೆ ಭಾರತೀಯ ಉತ್ತರಾಧಿಕಾರ ಕಾಯ್ದೆ 1925 ಅನ್ವಯಿಸುತ್ತದೆ: ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ, ಹೆಣ್ಣು-ಗಂಡು ಭೇದವಿಲ್ಲದೆ ಸಮಪಾಲು. ಧರ್ಮ ಬಿಡಬೇಕಿಲ್ಲ, ನಿಕಾಹ್ ಅಳಿಯುವುದಿಲ್ಲ.

ಆಗಿರುವ ಮದುವೆಯನ್ನು ಹೀಗೆ ದಾಖಲಿಸಲು ಇಬ್ಬರಿಗೂ 21 ತುಂಬಿರಬೇಕು, ಬೇರೆ ಗಂಡನೋ ಹೆಂಡತಿಯೋ ಇರಬಾರದು, ಅರ್ಜಿಗೆ ಮುಂಚೆ ಕನಿಷ್ಠ 30 ದಿನ ಆ ವಿವಾಹಾಧಿಕಾರಿಯ ಜಿಲ್ಲೆಯಲ್ಲಿ ವಾಸವಿರಬೇಕು. ಆಮೇಲೆ 30 ದಿನ ಆಕ್ಷೇಪಣೆಗೆ ಬಹಿರಂಗ ನೋಟಿಸು. ಎಡವುವುದು ಎರಡು ಕಡೆ. ಗಲ್ಫಿನಿಂದ ರಜೆಗೆ ಬಂದವರಿಗೆ ದಿನ ಸಾಲುವುದಿಲ್ಲ. ಸೋದರ ಸಂಬಂಧದಲ್ಲಿ ಮದುವೆಯಾದವರು ಕಾಯ್ದೆಯ ಮೊದಲ ಅನುಸೂಚಿಯ ನಿಷಿದ್ಧ ಪಟ್ಟಿಗೆ ಬರುತ್ತಾರೆ. ಅರ್ಜಿಗೆ ಮುಂಚೆ ವಕೀಲರಲ್ಲಿ ವಿಚಾರಿಸಬೇಕಾದ್ದು ಮುಖ್ಯವಾಗಿ ಇದನ್ನೇ.

ಚೌಕಟ್ಟಿನ ದೌರ್ಬಲ್ಯವನ್ನೂ ಬರೆಯಿರಿ. ಬಾಗಿಲು ಇದೆ ಎಂದು ತಿಳಿದಿರುವ, ದಾಟಲು ಬಸ್ಸಿನ ದುಡ್ಡೂ ಧೈರ್ಯವೂ ಇರುವ ಹೆಣ್ಣಿಗೆ ಮಾತ್ರ ಅದು ಬಾಗಿಲು. ಆಚೆ ಬದಿಯಲ್ಲಿ ಉಚಿತ ಕಾನೂನು ನೆರವು, ಅವಳ ಭಾಷೆಯಲ್ಲಿ ಮಾತಾಡುವ ಸಿಬ್ಬಂದಿ ಇಲ್ಲದಿದ್ದರೆ ಮೂರನೆಯ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಅಳಿಯಸಂತಾನದ ಕುಟುಂಬ. ಹೆಣ್ಣಿನ ಮೂಲಕವೇ ಸಂತಾನ ನಡೆದು ಬಂದಿರುವಾಗ ಸಮಾನತೆಯ ಪ್ರಶ್ನೆ ನಮಗೆ ಬರುತ್ತದೆಯೆ? ತರವಾಡು ಆಸ್ತಿಯಲ್ಲಿ ನನ್ನ ಪಾಲು ತಿಳಿಯುವುದು ಹೇಗೆ? (ಗೃಹಿಣಿ, ಬದಿಯಡ್ಕ)

ಬರುತ್ತದೆ. ಸಂತಾನ ಹೆಣ್ಣಿನ ಮೂಲಕ ನಡೆಯುವುದು ಬೇರೆ, ಬೀಗದ ಕೈ ಹೆಣ್ಣಿನ ಕೈಯಲ್ಲಿರುವುದು ಬೇರೆ. ಶಖಾರ್ ಚರ್ಚಿಸುವ ಅಮೆರಿಕದ ಒಂದು ಪ್ರಕರಣ ನಮ್ಮ ಪದ್ಧತಿಯನ್ನು ನೋಡಲು ನೆರವಾಗುತ್ತದೆ. ಸಾಂಟಾ ಕ್ಲಾರಾ ಪ್ಯೂಬ್ಲೊ ಎಂಬ ಮೂಲನಿವಾಸಿ ಸಮುದಾಯ 1939ರಲ್ಲಿ ಒಂದು ನಿಯಮ ಮಾಡಿತು: ಗಂಡಸು ಹೊರಗಿನವಳನ್ನು ಮದುವೆಯಾದರೆ ಮಕ್ಕಳು ಸಮುದಾಯದವರು, ಹೆಂಗಸು ಹೊರಗಿನವನನ್ನು ಮದುವೆಯಾದರೆ ಮಕ್ಕಳು ಹೊರಗಿನವರು. ಜೂಲಿಯಾ ಮಾರ್ಟಿನೆಝ್ ಅವರ ಮಕ್ಕಳು ಅಲ್ಲೇ ಬೆಳೆದರೂ ತಾಯಿಯ ಮನೆಗೆ ವಾರಸುದಾರರಾಗುವಂತಿರಲಿಲ್ಲ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಂಥ ದಾವೆ ಕೇಳಲು ಫೆಡರಲ್ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂದು ಕೈಬಿಟ್ಟಿತು. ಅಳಿಯಸಂತಾನದಲ್ಲಿ ಇದರ ತದ್ವಿರುದ್ಧ, ಮಗಳ ಮಕ್ಕಳು ಯಾವತ್ತೂ ಕುಟುಂಬದವರೇ. ಎಲ್ಲೆ ಗುರುತಿಸುವ ವಿಷಯದಲ್ಲಿ ಹೆಣ್ಣಿಗೆ ಇದು ದೊಡ್ಡ ಬಲ. ಹಂಚಿಕೆಗೆ ಬಂದಾಗ ಚಿತ್ರ ಬೇರೆ. ಹಿರಿಯಳು ಯಜಮಾನ್ತಿಯಾಗುವ ಅವಕಾಶ ಇದ್ದರೂ ಲೆಕ್ಕಪತ್ರ, ಗೇಣಿ, ಕೋರ್ಟು ಬಹಳ ಕಡೆ ಸೋದರಮಾವಂದಿರ ಕೈಯಲ್ಲಿತ್ತು. ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವ ಹಕ್ಕು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಗೆ ಮುಂಚೆ ಇರಲಿಲ್ಲ.

ಪಾಲು ತಿಳಿಯಲು ತಾರೀಖು ಹಿಡಿದು ಹೋಗಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಯಾದದ್ದು 1956ರ ಜೂನ್ 17ರಂದು. ಅದರ 7ನೇ ಕಲಮಿನಂತೆ ಆಮೇಲೆ ತೀರಿಕೊಂಡ ಸದಸ್ಯರಿಗೆ ಕುಟುಂಬದ ಆಸ್ತಿಯಲ್ಲಿದ್ದ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ. ಕೇರಳದ ಅವಿಭಕ್ತ ಹಿಂದೂ ಕುಟುಂಬ ರದ್ದತಿ ಕಾಯ್ದೆ 1975ರದು, ಜಾರಿಯಾದದ್ದು 1976ರ ಡಿಸೆಂಬರ್ 1ರಂದು. ಆ ದಿನ ಪಾಲಿಗೆ ಹಕ್ಕಿದ್ದ ಪ್ರತಿಯೊಬ್ಬರಿಗೂ ತಲೆಗೊಂದರಂತೆ ಪಾಲು ಆಗಿಹೋಯಿತು ಎಂದೇ ಕಾನೂನು ಭಾವಿಸುತ್ತದೆ. ಆದ್ದರಿಂದ ಮೊದಲು ಆ ದಿನ ಬದುಕಿದ್ದ ಸದಸ್ಯರ ಪಟ್ಟಿ ಮಾಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಅವರ ಮಕ್ಕಳನ್ನೂ ಹಾಲುಗೂಸು ಬಿಡದೆ ಸೇರಿಸಿ. ಆಮೇಲೆ ತೀರಿಕೊಂಡವರ ಮರಣ ದಿನಾಂಕ, ಅವರ ವಾರಸುದಾರರು. ಅಳಿಯಸಂತಾನದ ಹೆಂಗಸು ಉಯಿಲಿಲ್ಲದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 17ನೇ ಕಲಮಿನಂತೆ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ತಾಯಿ, ಗಂಡ ಮತ್ತು ತಂದೆ ಎರಡನೆಯ ಸಾಲಿನಲ್ಲಿ. ಬೇರೆ ಹಿಂದೂ ಹೆಂಗಸರ ವಿಷಯದಲ್ಲಿ ಗಂಡ ಮೊದಲ ಸಾಲಿನವ. ಇಲ್ಲಿ ಗೊಂದಲ ಮಾಡಿಕೊಂಡರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಕೊನೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ಹಳೆಯ ಪಾಲುಪಟ್ಟಿ, ಹಕ್ಕುಬಿಡುಗಡೆ ಪತ್ರ ಇವೆಯೇ ನೋಡಿ. ಮನೆ ಕೆಲಸಕ್ಕೆ, ಸಾಲಕ್ಕೆ ಎಂದು ಹೇಳಿ ಹೆಣ್ಣುಮಕ್ಕಳಿಂದ ಹಾಕಿಸಿಕೊಂಡ ಸಹಿ ಹಕ್ಕುಬಿಡುಗಡೆಯದಾಗಿರುವುದು ಉಂಟು. ಓದದೆ ಸಹಿ ಹಾಕಬೇಡಿ, ಅಣ್ಣನೇ ಕಾಗದ ತಂದರೂ.

ತಂದೆಯ ಮೂಲಕ ಸಂತಾನ ನಡೆಯುವ ಮಕ್ಕಳಸಂತಾನದ ಕುಟುಂಬಗಳಿಗೆ ಕಾಸರಗೋಡಿನಲ್ಲಿ ಇನ್ನೊಂದು ತೊಡಕು. 1976ರ ಆ ದಿನ ಪಾಲು ಸಿಕ್ಕಿದ್ದು ಹುಟ್ಟಿನಿಂದ ಹಕ್ಕಿದ್ದ ಗಂಡುಮಕ್ಕಳಿಗೆ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಕೊಟ್ಟಿತು. ಕೇರಳದ ಕಾಯ್ದೆಯ 3 ಮತ್ತು 4ನೇ ಕಲಮುಗಳು ಅದರೆದುರು ನಿಲ್ಲವು ಎಂದು 2025ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿದೆ. ದಾವೆ ಹಾಕುವ ಮುನ್ನ ಆ ತೀರ್ಪಿನ ಇಂದಿನ ಸ್ಥಿತಿಯನ್ನು ವಕೀಲರಿಂದ ತಿಳಿಯಿರಿ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ನೋಂದಾಯಿತ ಪಾಲನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. ಕರ್ನಾಟಕದ ನೆಂಟರು ಹೇಳುವ ‘1994ರ ಕಾನೂನು’ (ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟ ಆ ರಾಜ್ಯದ ತಿದ್ದುಪಡಿ) ಕಾಸರಗೋಡಿನ ಜಮೀನಿಗೆ ಸಲ್ಲದು.

ಪ್ರಶ್ನೆ: ರಾಜ್ಯಭಾಷೆಯನ್ನು ಕಡ್ಡಾಯವಾಗಿ ಕಲಿಸುವುದು ನಮ್ಮ ಹಕ್ಕಿನ ಉಲ್ಲಂಘನೆಯೆ? ಕನ್ನಡ ಶಿಕ್ಷಕರನ್ನು ಕೇಳುವ ಕ್ರಮವೇನು? (ಪೋಷಕರು, ತಾಳವಾಡಿ)

ಭಾಷೆಯನ್ನು ಒಂದು ವಿಷಯವಾಗಿ ಕಲಿಸುವುದಕ್ಕೂ ಮಾಧ್ಯಮವನ್ನೇ ಬದಲಿಸುವುದಕ್ಕೂ ನ್ಯಾಯಾಲಯಗಳು ವ್ಯತ್ಯಾಸ ಮಾಡುತ್ತವೆ. ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯ ಮಾಡಿದ್ದನ್ನು ಅಲ್ಪಸಂಖ್ಯಾತ ಶಾಲೆಗಳು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2004ರ ಉಷಾ ಮೆಹ್ತಾ ತೀರ್ಪಿನಲ್ಲಿ ಸರ್ಕಾರದ ಪರ ನಿಂತಿತು. ತಮಿಳುನಾಡಿನ ತಮಿಳು ಕಲಿಕೆ ಕಾಯ್ದೆ 2006ರದು, ಕೇರಳದ ಮಲಯಾಳ ಕಲಿಕೆ ಕಾಯ್ದೆ 2017ರದು. ‘ತಮಿಳು ಬೇಡ’ ಎನ್ನುವ ವಾದ ಕಾನೂನಿನಲ್ಲಿ ಸೋಲುವುದೇ ಹೆಚ್ಚು, ನೆಲದ ಭಾಷೆ ಬಾರದ ಮಕ್ಕಳಿಗೆ ಕೆಲಸಕ್ಕೂ ತೊಂದರೆ. ‘ಕನ್ನಡವೂ ಬೇಕು’ ಎಂಬ ವಾದಕ್ಕೆ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಮಾಡಿಕೊಡಬೇಕೆನ್ನುವ ಸಂವಿಧಾನದ 350ಎ ವಿಧಿ ಆಧಾರವಾಗಿದೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಕರನ್ನು ಕೊಡುವ ಒಪ್ಪಿತ ಅಳತೆ ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40. ಶಾಲೆ ತೆರೆದ ಮೇಲೆ ತಲೆ ಎಣಿಸಿದರೆ ತಡವಾಯಿತು, ದಾಖಲಾತಿಗೆ ಮುಂಚೆಯೇ ಹೆಸರು ಕೊಡಿ. ದಾಖಲಾತಿ ಪುಸ್ತಕದ ಮಾತೃಭಾಷೆ ಕಾಲಂ ನೀವೇ ನೋಡಿ, ಅಲ್ಲಿ ತಮಿಳು ಎಂದು ಬಿದ್ದರೆ ಆ ಮಗು ಲೆಕ್ಕಕ್ಕೆ ಸಿಗುವುದಿಲ್ಲ. 350ನೇ ವಿಧಿಯಂತೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಸ್ವೀಕೃತಿ ಪಡೆದು ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳಿಸಿ. ಅರ್ಜಿಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ, ಮುಂದಿನ ಕನ್ನಡ ಪ್ರೌಢಶಾಲೆಗೆ ಇರುವ ದೂರ, ಸಂಜೆಯ ಕೊನೆಯ ಬಸ್ಸಿನ ಹೊತ್ತು ಇವನ್ನು ಬೇರೆಯಾಗಿ ಬರೆಯಿರಿ. ಕಾಡುದಾರಿಯ ಊರುಗಳಲ್ಲಿ ಮಾಧ್ಯಮದ ಪ್ರಶ್ನೆ ಹೆಣ್ಣುಮಕ್ಕಳ ಓದಿನ ಪ್ರಶ್ನೆಯೂ ಹೌದು, ಅಧಿಕಾರಿಗೆ ಅದು ಅಂಕಿಯಲ್ಲಿ ಕಾಣಬೇಕು.

ಪ್ರಶ್ನೆ: ಎಂ.ಎ. ಪರೀಕ್ಷೆಗೆ ಇವರನ್ನೆಲ್ಲ ಯಾವ ಕ್ರಮದಲ್ಲಿ ಓದಲಿ? (ವಿದ್ಯಾರ್ಥಿ, ಅಕ್ಕಲಕೋಟೆ)

ಕಿಮ್ಲಿಕಾ 1995, ಓಕಿನ್ 1997, ಶಖಾರ್ 2001, ಆಮೇಲೆ ಆನ್ ಫಿಲಿಪ್ಸ್ 2007. ಫಿಲಿಪ್ಸ್ ಅವರು ಸಂಸ್ಕೃತಿಯನ್ನು ಗಟ್ಟಿ ಪೆಟ್ಟಿಗೆಯಂತೆ ಕಾಣುವುದನ್ನೇ ಪ್ರಶ್ನಿಸುತ್ತಾರೆ. ಭಾರತದ ಸಂದರ್ಭಕ್ಕೆ ಗುರುಪ್ರೀತ್ ಮಹಾಜನ್. ಉತ್ತರಪತ್ರಿಕೆಯಲ್ಲಿ ಎರಡು ತಪ್ಪು ಮಾಡಬೇಡಿ: ಮಾರ್ಟಿನೆಝ್ ತೀರ್ಪು ಆ ನಿಯಮವನ್ನು ನ್ಯಾಯವೆಂದು ಹೇಳಲಿಲ್ಲ, ಅಧಿಕಾರವ್ಯಾಪ್ತಿಯ ಮೇಲೆ ಮುಗಿಯಿತು. ಶಖಾರ್ ಅವರ ಚೌಕಟ್ಟನ್ನು ಭಾಷಾ ಗುಂಪಿಗೆ ಹಾಗೇ ಅಂಟಿಸಲೂ ಬರುವುದಿಲ್ಲ, ಅವರು ಬರೆದದ್ದು ಸ್ವಂತ ಕುಟುಂಬ ನಿಯಮಗಳಿರುವ ಗುಂಪುಗಳ ಬಗ್ಗೆ.

ಪ್ರಶ್ನೆ: ಮಗಳಿಗೆ ದುಬೈಯಲ್ಲಿ ಹೆರಿಗೆ. ಮಗು ಭಾರತದ ಪೌರನಾಗುವುದು ತಾನಾಗಿಯೇ? ಇದರಲ್ಲೂ ತಾಯಿ-ತಂದೆ ಭೇದ ಇದೆಯೆ? (ಓದುಗರು, ಉಪ್ಪಳ)

ತಾನಾಗಿ ಆಗುವುದಿಲ್ಲ. ಪೌರತ್ವ ಕಾಯ್ದೆ 1955ರ 4ನೇ ಕಲಮಿನಂತೆ, 2004ರ ಡಿಸೆಂಬರ್ 3ರಿಂದ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ನೋಂದಾಯಿಸಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಿಸಬೇಕು. ವರ್ಷ ಕಳೆದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಲ್ಲಿ ಹುಟ್ಟಿತೆಂಬ ಕಾರಣಕ್ಕೆ ಅಲ್ಲಿನ ಪೌರತ್ವವೂ ಸಿಗುವುದಿಲ್ಲವಾದ್ದರಿಂದ ಈ ಒಂದು ವರ್ಷವನ್ನು ಕೈಬಿಡಬಾರದು.

ಭೇದ ಮುಂಚೆ ಇತ್ತು. 1992ರ ಡಿಸೆಂಬರ್ 10ಕ್ಕೆ ಮುಂಚೆ ಹೊರದೇಶದಲ್ಲಿ ಹುಟ್ಟಿದವರಿಗೆ ವಂಶದಿಂದ ಪೌರತ್ವ ಬರುತ್ತಿದ್ದದ್ದು ತಂದೆ ಭಾರತೀಯನಾಗಿದ್ದರೆ ಮಾತ್ರ, ತಾಯಿಯ ಪೌರತ್ವಕ್ಕೆ ಬೆಲೆಯಿರಲಿಲ್ಲ. ಆ ದಿನದಿಂದ ಇಬ್ಬರಲ್ಲಿ ಒಬ್ಬರು ಸಾಕು. ಮುಂಚೆ ಹುಟ್ಟಿದ, ತಾಯಿ ಮಾತ್ರ ಭಾರತೀಯಳಾಗಿದ್ದವರು 5ನೇ ಕಲಮಿನ ನೋಂದಣಿಯ ದಾರಿ ನೋಡಬೇಕಾಗುತ್ತದೆ.

ಶಖಾರ್ ಅವರ ಎರಡನೆಯ ಪುಸ್ತಕ ಮುಟ್ಟುವುದು ಇದರ ಬೇರನ್ನೇ. ಪೌರತ್ವ ಹುಟ್ಟಿನಿಂದ ಬರುವ ಪಿತ್ರಾರ್ಜಿತ ಆಸ್ತಿಯ ಹಾಗೆ ನಡೆಯುತ್ತಿದೆ, ಆಸ್ತಿಗೆ ನಾವು ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಬೇಕು ಎನ್ನುತ್ತಾರೆ. ಸಿರಿವಂತ ದೇಶದಲ್ಲಿ ಹುಟ್ಟಿದ್ದರ ಲಾಭಕ್ಕೆ ಒಂದು ತೆರಿಗೆ, ಬದುಕಿ ಬೇರೂರಿದ ಕಡೆ ಪೌರತ್ವಕ್ಕೆ ಹಕ್ಕು, ಇವು ಅವರ ಎರಡು ಸೂಚನೆಗಳು. ದಶಕಗಟ್ಟಲೆ ಗಲ್ಫಿನಲ್ಲಿ ದುಡಿದೂ ವೀಸಾ ಮುಗಿದ ದಿನ ಪೆಟ್ಟಿಗೆ ಕಟ್ಟುವ ನಮ್ಮವರ ಪರವಾಗಿ ನಿಲ್ಲುವುದು ಎರಡನೆಯ ಸೂಚನೆ. ಸದ್ಯ ಅದು ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಲ್ಲದ್ದರಿಂದ ಮಗಳ ಹೆರಿಗೆಯಾದ ಕೂಡಲೇ ಆಸ್ಪತ್ರೆಯ ಜನನ ಪತ್ರ, ಇಬ್ಬರ ಪಾಸ್‌ಪೋರ್ಟ್, ಮದುವೆಯ ದಾಖಲೆ ಜೋಡಿಸಿಟ್ಟುಕೊಳ್ಳಲು ಹೇಳಿ. ಹೆಸರಿನ ಕಾಗುಣಿತ ಮೂರರಲ್ಲೂ ಒಂದೇ ಆಗಿರಲಿ, ಅರ್ಜಿ ನಿಂತುಹೋಗದಿರಲು ಅದು ಮುಖ್ಯ.